ದಣಪೆಯ ಮೀಟರಿನಿಂದ ಮನೆಯ ಡಿಬಿವರೆಗೆ: ಉದ್ದ ಕೇಬಲ್‌ಗೆ ರಕ್ಷಣೆ ಕೊಟ್ಟ ನನ್ನ ಅನುಭವ

ತೀರ್ಥಹಳ್ಳಿ ಕಡೆಯ ಅಡಿಕೆ ತೋಟಗಳಲ್ಲಿ ಮೀಟರ್ ರಸ್ತೆ ಬದಿಯ ದಣಪೆಯ (ಬೇಲಿಯ ಗೇಟಿನ) ಹತ್ತಿರವೂ ಮನೆ ಅಲ್ಲಿಂದ ಸುಮಾರು ನೂರೈವತ್ತು ಮೀಟರ್ ಕೆಳಗೂ ಇರುವುದು ಅಪರೂಪವಲ್ಲ. ಇಂಥ ಮನೆಗಳಿಗೆ ವೈರಿಂಗ್ ಮಾಡುವ ನಾವು ಡಿಬಿಗೆ (ಮನೆಯೊಳಗೆ ಕರೆಂಟು ಹಂಚುವ ಪೆಟ್ಟಿಗೆಗೆ) ಒಳ್ಳೆಯ ಎಂಸಿಬಿಗಳನ್ನೂ (ಮಿತಿಮೀರಿ ಕರೆಂಟು ಹರಿದರೆ ಕಡಿಯುವ ಸ್ವಿಚ್‌ಗಳನ್ನೂ) 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿಯನ್ನೂ (ಅರ್ಥಿಗೆ ಕರೆಂಟು ಸೋರಿದರೆ ಕಡಿಯುವ ಸ್ವಿಚ್ಚನ್ನೂ) ಹಾಕಿ ಕೆಲಸ ಮುಗಿಯಿತೆನ್ನುತ್ತೇವೆ. ಆದರೆ ಮೀಟರಿಗೂ ಡಿಬಿಗೂ ನಡುವೆ ಮಣ್ಣಿನಲ್ಲಿರುವ ಕೇಬಲ್‌ಗೆ ಮೀಟರ್ ಬೋರ್ಡಿನ ಫ್ಯೂಸೊಂದೇ ದಿಕ್ಕು. ಮೀಟರ್ ತುದಿಯಲ್ಲಿಯೂ ಒಂದು ಆರ್‌ಸಿಸಿಬಿ ಹಾಕುತ್ತೇನೆ, ಕೇಬಲಿನ ಆರ್ಮರನ್ನು (ಸುತ್ತಲಿನ ಲೋಹದ ಕವಚವನ್ನು) ಅಲ್ಲಿ ಮಾತ್ರ ಅರ್ಥ್ ಮಾಡುತ್ತೇನೆ ಎಂದಾಗ ಜೊತೆಯ ವೈರ್‌ಮನ್‌ಗಳು ಒಪ್ಪಲಿಲ್ಲ. ಮೊದಲ ಗುಡುಗಿಗೇ ಆ ಆರ್‌ಸಿಸಿಬಿ ಬೀಳುತ್ತದೆ (ಕರೆಂಟು ಕಡಿಯುತ್ತದೆ), ಮನೆಯವರು ಬೇಸತ್ತು ಅದನ್ನು ಬೈಪಾಸ್ ಮಾಡಿಸುತ್ತಾರೆ ಎಂಬುದು ಅವರ ವಾದವಾಗಿತ್ತು. ಕೆಲವು ಮಳೆಗಾಲಗಳು ಕಳೆದಿವೆ, ಬೈಪಾಸ್ ಆಗಿಲ್ಲ.

ಶಾರ್ಟ್ ಸರ್ಕ್ಯೂಟಿನ ಲೆಕ್ಕ ಸುಲಭವಾದದ್ದು. ನಾನು ಹಾಕಿದ್ದು 16 ಚದರ ಮಿ.ಮೀ.ನ ಅಲ್ಯೂಮಿನಿಯಂ ಆರ್ಮರ್ಡ್ ಕೇಬಲ್. ಅದರ ರೋಧ ಕಿಲೋಮೀಟರಿಗೆ 1.91 ಓಮ್. ಹೋಗಿ ಬರುವ ದಾರಿಗೆ ಅರ್ಧ ಓಮಿಗಿಂತ ತುಸು ಹೆಚ್ಚಾಗುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ಬರುವ ಲೈನಿನ ರೋಧವನ್ನೂ ಸೇರಿಸಿದರೆ ಡಿಬಿ ತುದಿಯಲ್ಲಿ ಫೇಸ್ ಮತ್ತು ನ್ಯೂಟ್ರಲ್ ಕೂಡಿದಾಗ ಹರಿಯುವುದು 160 ಆಂಪಿಯರ್ ಆಸುಪಾಸು. 32 ಆಂಪಿಯರ್‌ನ ಸಿ ಕರ್ವ್ (ಐದರಿಂದ ಹತ್ತು ಪಟ್ಟು ಕರೆಂಟಿಗೆ ತಕ್ಷಣ ಬೀಳುವ ಬಗೆಯ) ಎಂಸಿಬಿ ತಕ್ಷಣ ಬೀಳುತ್ತದೆಂಬ ಭರವಸೆ ಸಿಗಬೇಕಾದರೆ ಅದರ ಹತ್ತು ಪಟ್ಟು, ಎಂದರೆ 320 ಆಂಪಿಯರ್, ಹರಿಯಬೇಕು. ಆದ್ದರಿಂದ ಮೀಟರ್ ತುದಿಗೆ ಎಂಸಿಬಿ ಬೇಡವೆಂದು ಸ್ವಿಚ್ ಸಹಿತ 32 ಆಂಪಿಯರ್ ಎಚ್‌ಆರ್‌ಸಿ (ದೊಡ್ಡ ದೋಷದ ಕರೆಂಟನ್ನೂ ಸುರಕ್ಷಿತವಾಗಿ ಕಡಿಯುವ) ಫ್ಯೂಸ್ ಹಾಕಿದೆ. ಅದು ಕೆಲವು ಸೆಕೆಂಡು ತೆಗೆದುಕೊಂಡರೂ 16 ಚದರದ ಕೇಬಲ್ ಅಷ್ಟನ್ನು ಆರಾಮವಾಗಿ ತಡೆಯುತ್ತದೆ, ಮನೆಯೊಳಗಿನ ಸಣ್ಣ ದೋಷಕ್ಕೆ ಡಿಬಿಯ ಎಂಸಿಬಿಯೇ ಮೊದಲು ಬೀಳುತ್ತದೆ.

ನಿಜವಾದ ತೊಂದರೆ ಇರುವುದು ಅರ್ಥ್ ದೋಷದಲ್ಲಿ. ಹಾರೆಯೋ ಮುಳ್ಳುಹಂದಿಯ ಹಲ್ಲೋ ತಾಗಿ ಫೇಸ್ ಆರ್ಮರಿಗೆ ಕೂಡಿಕೊಂಡಿತೆಂದುಕೊಳ್ಳಿ. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಅರ್ಥ್ ಪಿಟ್ಟಿನ (ಅರ್ಥ್ ಕಂಬಿ ಹೂತ ಗುಂಡಿಯ) ರೋಧ ಮಳೆಗಾಲದಲ್ಲಿ ಎಂಟೋ ಹತ್ತೋ ಓಮ್ ಇದ್ದದ್ದು ಏಪ್ರಿಲ್ ಹೊತ್ತಿಗೆ ಇಪ್ಪತ್ತೈದು ದಾಟುತ್ತದೆ. ಆಗ ಹರಿಯುವುದು ಒಂಬತ್ತು ಆಂಪಿಯರ್. 32ರ ಫ್ಯೂಸಿಗೆ ಅದು ಲೆಕ್ಕಕ್ಕೇ ಇಲ್ಲ. ಆರ್ಮರಿನ ಮೇಲೆ ಹೆಚ್ಚುಕಡಿಮೆ 230 ವೋಲ್ಟ್ ಹಾಗೆಯೇ ನಿಂತಿರುತ್ತದೆ. ರೂಢಿಯಂತೆ ಆ ಆರ್ಮರನ್ನು ಮನೆಯ ಅರ್ಥಿಗೂ ಸೇರಿಸಿದ್ದರೆ ಅದೇ ವೋಲ್ಟೇಜು ಅರ್ಥ್ ವೈರಿನ ಮೂಲಕವೇ ಫ್ರಿಜ್, ಗೀಸರ್, ಮಿಕ್ಸಿಗಳ ಮೈಗೆ ಬರುತ್ತದೆ. ದೋಷ ತನಗಿಂತ ಹಿಂದೆ ಇರುವುದರಿಂದ ಡಿಬಿಯ ಆರ್‌ಸಿಸಿಬಿಗೆ ಅದು ಕಾಣುವುದೇ ಇಲ್ಲ. ಕಂಡು ಬಿದ್ದರೂ ಅರ್ಥ್ ವೈರು ಕಡಿಯುವುದಿಲ್ಲ. ಅರ್ಥ್ ಎರಡೂ ಕಡೆ ಇದ್ದಷ್ಟು ಒಳ್ಳೆಯದು ಎನ್ನುವವರಿಗೆ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದ ಮೇಲೂ ಕೆಲವರು ತಲೆಯಾಡಿಸಲಿಲ್ಲ.

ಫ್ಯೂಸಿಗೆ ಕಾಣದ ಈ ಸೋರಿಕೆಯನ್ನು ಹಿಡಿಯಲೆಂದೇ ಮೀಟರ್ ತುದಿಗೆ ಆರ್‌ಸಿಸಿಬಿ. ಮೊದಲು ಅಲ್ಲಿ ಹಾಕಿದ್ದು 100 ಮಿಲಿ ಆಂಪಿಯರ್‌ನ ಸಾಮಾನ್ಯ ಆರ್‌ಸಿಸಿಬಿ. ಮುಂಗಾರಿಗೆ ಮುಂಚಿನ ಗುಡುಗು ಶುರುವಾದದ್ದೇ ತಡ, ಅದು ಬೀಳುವುದಕ್ಕೂ ಶುರುವಾಯಿತು. ಮನೆಯ ಯಜಮಾನರು ಕೊಡೆ ಹಿಡಿದು ದಣಪೆಯವರೆಗೆ ಹತ್ತಿ ಬರಬೇಕಾಗುತ್ತಿತ್ತು; ಅವರು ನನಗೆ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ತೆಗೆದು 300 ಮಿಲಿ ಆಂಪಿಯರ್‌ನದನ್ನು ಹಾಕಿದಾಗ ಬೀಳುವುದು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಅಲ್ಲದೆ ಬಚ್ಚಲಿನ ಗೀಸರ್ ಕಾಯಿಲ್ ಹೋದ ದಿನ ಮೇಲಿನದೂ (ಮೀಟರ್ ತುದಿಯದೂ) ಕೆಳಗಿನದೂ (ಡಿಬಿಯದೂ) ಒಟ್ಟಿಗೇ ಬಿದ್ದು, ದೋಷ ಎಲ್ಲಿದೆ ಎಂದು ಹುಡುಕುವುದರಲ್ಲಿಯೇ ಅರ್ಧ ದಿನ ಹೋಯಿತು. ಈ ಎರಡು ಉಪಕರಣಗಳಿಗೆ ಹೋದ ಐದಾರು ಸಾವಿರ ರೂಪಾಯಿಯನ್ನು ನಾನು ಬಿಲ್ಲಿಗೆ ಸೇರಿಸಲಿಲ್ಲ.

ಕೊನೆಗೆ ಕೈ ಹಿಡಿದದ್ದು ಎಸ್ ಗುರುತಿನ, ಅಂದರೆ ಬೇಕೆಂದೇ ತಡಮಾಡಿ ಬೀಳುವ, 300 ಮಿಲಿ ಆಂಪಿಯರ್‌ನದು. ಅದು ತನ್ನ ನಿಗದಿತ ಸೋರಿಕೆಗೆ ಕನಿಷ್ಠ 130 ಮಿಲಿಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ಸಿಡಿಲಿನ ಸರ್ಜ್ ಹಾದುಹೋಗಿರುತ್ತದೆ, ಮನೆಯೊಳಗಿನ ದೋಷವಾದರೆ 30 ಮಿಲಿ ಆಂಪಿಯರ್‌ನದು ಬಿದ್ದು ಮುಗಿದಿರುತ್ತದೆ. ಅರ್ಥಿನ ಲೆಕ್ಕವೂ ಹಗುರವಾಗುತ್ತದೆ: ಮೈ ತಾಗಿದರೂ ಸುರಕ್ಷಿತವೆಂದು ಎಣಿಸುವ ಮಿತಿಯಾದ 50 ವೋಲ್ಟನ್ನು 0.3 ಆಂಪಿಯರಿನಿಂದ ಭಾಗಿಸಿದರೆ 166 ಓಮ್ ಬರುತ್ತದೆ, ನಮ್ಮ ಪಿಟ್ಟು ಎಂಥ ಬೇಸಿಗೆಯಲ್ಲೂ ಅದರ ಹತ್ತಿರ ಹೋಗುವುದಿಲ್ಲ. ಎರಡು ಪೋಲಿನದು, ಅಂದರೆ ಎರಡು ವೈರು ಕಡಿಯುವಂಥದು, ಶಿವಮೊಗ್ಗದಲ್ಲಿ ಸಿಗದೆ ಬೆಂಗಳೂರಿನಿಂದ ನಾಲ್ಕು ಪೋಲಿನದನ್ನೇ ತರಿಸಿದೆ. ಆರು ಸಾವಿರದ ಮೇಲಾಯಿತೆಂದು ನೆನಪು. ಒಂದೇ ಫೇಸಿಗೆ ಅದನ್ನು ಬಳಸುವವರು ಟೆಸ್ಟ್ ಬಟನ್ ಯಾವ ಪೋಲುಗಳ ನಡುವೆ ಇದೆ ಎಂದು ಮೈಮೇಲಿನ ಚಿತ್ರದಲ್ಲಿ ನೋಡಿಕೊಂಡು ಅವುಗಳಿಗೇ ಫೇಸು, ನ್ಯೂಟ್ರಲ್ ಕೊಡಬೇಕು. ಇಲ್ಲದಿದ್ದರೆ ಬಟನ್ ಒತ್ತಿದರೂ ಅದು ಕದಲುವುದಿಲ್ಲ, ಉಪಕರಣ ಕೆಟ್ಟಿದೆ ಎಂದು ಅಂಗಡಿಗೆ ವಾಪಸು ಹೋಗುತ್ತದೆ.

ಮೀಟರ್ ತುದಿಯ ಪೆಟ್ಟಿಗೆ ಪಾಲಿಕಾರ್ಬೊನೇಟಿನದು, ಏಕೆಂದರೆ ಆರ್‌ಸಿಸಿಬಿಗಿಂತ ಹಿಂದಿನ ವೈರು ಲೋಹಕ್ಕೆ ತಾಗಿದರೆ ಅದನ್ನು ಕಾಯುವವರಿಲ್ಲ. ಆರ್ಮರ್ ಅಲ್ಲಿನ ಪಿಟ್ಟಿಗೆ ಸೇರಿದೆ. ಮನೆ ತುದಿಯಲ್ಲಿ ಆರ್ಮರನ್ನು ಹಿಂದಕ್ಕೆ ಕತ್ತರಿಸಿ, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಬಿಗಿದು, ಮನೆಗೆ ಅದರದೇ ಬೇರೆ ಪಿಟ್ಟು ಕೊಟ್ಟಿದ್ದೇನೆ. ಗ್ಲ್ಯಾಂಡಿನೊಳಗೆ (ಕೇಬಲ್ ಪೆಟ್ಟಿಗೆಯೊಳಗೆ ಹೋಗುವಲ್ಲಿನ ಬಿಗಿತಿರುಪಿನೊಳಗೆ) ನೀರಿಳಿಯದಂತೆ ನಾನು ತುಂಬುವ ಮಿಶ್ರಣ ಯಾವುದೆಂದು ಕೇಳಬೇಡಿ, ಅದು ಹೊಟ್ಟೆಪಾಡಿನ ವಿಷಯ. ಕೇಬಲನ್ನು ಭಾರತೀಯ ಮಾನಕ ಐಎಸ್ 1255 ಹೇಳುವಂತೆ 75 ಸೆಂ.ಮೀ. ಆಳದಲ್ಲಿ ಮರಳಿನ ಮೇಲೆ ಹಾಸಿ, ಮೇಲೆ ಇಟ್ಟಿಗೆ ಮುಚ್ಚಿದ್ದಾಗಿದೆ. ತೋಟದೊಳಗಿನ ನಲವತ್ತು ಮೀಟರಿಗೆ ಮಾತ್ರ ಎಚ್‌ಡಿಪಿಇ ಪೈಪು ಹಾಕಿದೆ. ಗಾಜಿನ ಚೂರು ಸುರಿದರೆ ಹೆಗ್ಗಣ ಬರುವುದಿಲ್ಲವೆಂದು ಹಿರಿಯರು ಹೇಳಿದ್ದನ್ನೂ ಪಕ್ಕದ ತೋಟದ ಹಳೆಯ ಕೇಬಲಿನ ಮೇಲೆ ನೋಡಿದೆ. ಹೆಗ್ಗಣ ಪಕ್ಕದಿಂದ ಬಿಲ ತೋಡಿಕೊಂಡು ಬಂತು.

ಒಪ್ಪದವರನ್ನು ಕರೆದು ಬಲ್ಬಿನಿಂದ ಪರೀಕ್ಷೆ ಮಾಡಿ ತೋರಿಸಿದೆ. ಈಗ ತಂತಿಯ ಬಲ್ಬು ಸಿಗುವುದೇ ಕಷ್ಟ. ಹಳೆಯ ಸಾಮಾನಿನಲ್ಲಿ 15 ವಾಟಿನದೊಂದು, 100 ವಾಟಿನದೊಂದು ಸಿಕ್ಕಿದವು. ಡಿಬಿಯ ಆರ್‌ಸಿಸಿಬಿಯ ನಂತರ ಫೇಸಿನಿಂದ ಅರ್ಥಿಗೆ ಯಾವುದನ್ನು ಹಿಡಿದರೂ ಕೆಳಗಿನದು ಮಾತ್ರ ಬಿತ್ತು, ಮೇಲಿನದು ಅಲುಗಲಿಲ್ಲ. ಬಳಿಕ ಡಿಬಿಗೆ ಬರುವ ಕೇಬಲಿನ ಫೇಸಿನಿಂದಲೇ ಆರ್ಮರಿಗೆ 100 ವಾಟಿನದನ್ನು ಹಿಡಿದೆ. ಬಲ್ಬು ಒಮ್ಮೆ ಮಿನುಗುವಷ್ಟರಲ್ಲಿ ದಣಪೆಯಲ್ಲಿದ್ದ ಹುಡುಗ ಬಿತ್ತೆಂದು ಕೂಗಿದ. ಅಂದು ಬಂದವರಲ್ಲಿ ಇಬ್ಬರು ಈಗ ಇದೇ ರೀತಿ ಹಾಕುತ್ತಿದ್ದಾರೆ.

ಹಳೆಯ ಮನೆಗಳಲ್ಲಿ ಕೆಲಸ ಹಿಡಿಯುವ ಮೊದಲು ನ್ಯೂಟ್ರಲ್ ಎಲ್ಲಾದರೂ ಅರ್ಥಿಗೆ ಕೂಡಿದೆಯೇ ಎಂದು ನೋಡಲೇಬೇಕು, ಏಕೆಂದರೆ ಹಾಗಿದ್ದರೆ ಎಸ್ ಗುರುತಿನದೂ ಬೀಳದೆ ನಿಲ್ಲುವುದಿಲ್ಲ. ಕೇಬಲ್, ಅಗೆತದ ಕೂಲಿ, ಎರಡು ಪಿಟ್ಟು ಎಲ್ಲ ಸೇರಿ ಅರವತ್ತು ಸಾವಿರದ ಆಸುಪಾಸಾಯಿತು. ಅದರಲ್ಲಿ ರಕ್ಷಣೆಯ ಸಾಮಾನಿನ ಪಾಲು ಹತ್ತು ಸಾವಿರ ದಾಟಿಲ್ಲ. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಹೋಗಿ, ಎರಡೂ ತುದಿ ಬಿಡಿಸಿ, ಕೇಬಲನ್ನು ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಾಕಿ ನೋಡಿ ಬರುತ್ತೇನೆ. ಅದಕ್ಕೆ ಐನೂರು ರೂಪಾಯಿ, ಊಟ ಬೇರೆ.