ಎರಡು ಗೆರೆ ಬಂದರೆ ಬಾಟ್ ಏನು ಹೇಳಬೇಕು?

ಕೋಲಾರದಲ್ಲಿ ನಾನು ಎಚ್‌ಐವಿ ಆಪ್ತಸಮಾಲೋಚಕಿ. ನರಸಾಪುರ, ವೇಮಗಲ್ ಕಡೆಯ ಫ್ಯಾಕ್ಟರಿಗಳಲ್ಲಿ ಶಿಫ್ಟ್ ಮಾಡುವ ಹುಡುಗರು ಹಗಲಲ್ಲಿ ಕೇಂದ್ರಕ್ಕೆ ಬರೋದು ಕಷ್ಟ. ಬಂದರೂ ಪರಿಚಯದವರು ನೋಡಿಬಿಟ್ಟರೆ ಅನ್ನೋ ಭಯ. ಸ್ವಯಂ ಪರೀಕ್ಷೆಯ ಕಿಟ್‌ನಲ್ಲಿ ಎರಡು ಗೆರೆ ಬಂದರೆ ಸೋಂಕು ಇರಬಹುದು, ಒಂದೇ ಬಂದರೆ ಕಂಡಿಲ್ಲ ಅಂತ ಅರ್ಥ. ಅದನ್ನು ತರಿಸಿಕೊಂಡವರಿಗೆ ರಾತ್ರಿ ಹೊತ್ತು ಕೇಳಲು ಯಾರೂ ಇರುವುದಿಲ್ಲ. ಅದಕ್ಕೇ ವಾಟ್ಸಾಪ್‌ನಲ್ಲಿ ಒಂದು ಚಾಟ್‌ಬಾಟ್ ಮಾಡಿದೆವು. ತಾಂತ್ರಿಕ ಕೆಲಸ ಗೆಳೆಯರದು, ಮಾತುಗಳು ನನ್ನವು.

ಉತ್ತರವನ್ನು ಬಾಟ್ ತಾನೇ ಹುಟ್ಟಿಸಬಾರದು ಅಂತ ಮೊದಲೇ ಹಟ ಹಿಡಿದೆ. ಜನ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಾರೆ, ನಡುವೆ ತೆಲುಗು ಸೇರಿಸುತ್ತಾರೆ. ಅದನ್ನು ಅರ್ಥ ಮಾಡಿಕೊಳ್ಳುವುದಷ್ಟೇ ಯಂತ್ರದ ಪಾಲು. ಉತ್ತರಗಳನ್ನು ನಾನು ಬರೆದು ವೈದ್ಯರಿಗೆ ತೋರಿಸಿದ್ದೇನೆ.

ಬಾಟ್ ಕೇಳುವ ಮೊದಲ ಪ್ರಶ್ನೆ: 'ಆ ಘಟನೆ ಆಗಿ ಎಷ್ಟು ದಿನ ಆಯ್ತು?' ಅಂದರೆ ಸೋಂಕು ತಗುಲಿರಬಹುದು ಅನ್ನೋ ಭಯ ಹುಟ್ಟಿಸಿದ ಘಟನೆ. 72 ಗಂಟೆ ಮೀರಿಲ್ಲದಿದ್ದರೆ ಕಿಟ್ ಮಾತು ಬೇಡವೇ ಬೇಡ. ಕೂಡಲೇ ಜಿಲ್ಲಾಸ್ಪತ್ರೆಗೆ ಹೋಗಬೇಕು. ಸೋಂಕು ತಡೆಯುವ 28 ದಿನಗಳ ಮಾತ್ರೆಗಳಿವೆ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಮೂರು ತಿಂಗಳು ಆಗಿಲ್ಲದಿದ್ದರೆ, ಒಂದೇ ಗೆರೆ ಬಂದರೂ ಅವಧಿ ಮುಗಿದ ಮೇಲೆ ಮತ್ತೆ ಪರೀಕ್ಷಿಸಬೇಕು. ಈಗಾಗಲೇ ಎಚ್‌ಐವಿ ಚಿಕಿತ್ಸೆಯ ಎಆರ್‌ಟಿ ಮಾತ್ರೆ ತಗೊಳ್ತಿರುವವರಿಗೆ ಈ ಕಿಟ್ ಬೇಡ, ಫಲಿತಾಂಶ ತಪ್ಪು ಬರಬಹುದು.

ಜಾಸ್ತಿ ಸಮಯ ಹಿಡಿದದ್ದು ಎರಡು ಗೆರೆಯ ಉತ್ತರ. 'ಇದು ಕೊನೆಯ ತೀರ್ಮಾನ ಅಲ್ಲ. ಸರ್ಕಾರಿ ಐಸಿಟಿಸಿಯಲ್ಲಿ (ಆಪ್ತಸಮಾಲೋಚನೆ, ಪರೀಕ್ಷೆಯ ಕೇಂದ್ರ) ಬೇರೆ ಬೇರೆ ಕಿಟ್‌ಗಳಲ್ಲಿ ಮತ್ತೆ ನೋಡುತ್ತಾರೆ, ಉಚಿತ. ಎಚ್‌ಐವಿ ಅಂತ ಖಚಿತವಾದರೆ ಚಿಕಿತ್ಸೆಯೂ ಉಚಿತ.' ಇಷ್ಟು ಹೇಳಿದ ಮೇಲೆ ಬಾಟ್ ಸುಮ್ಮನಾಗಿ, 'ನಮ್ಮಲ್ಲಿ ಒಬ್ಬರ ಜೊತೆ ಮಾತಾಡ್ತೀರಾ?' ಅಂತ ಕೇಳುತ್ತದೆ. ಯಾರೂ ಸಿಗದ ಹೊತ್ತಲ್ಲಿ 1097 ಸಹಾಯವಾಣಿ ನಂಬರ್ ಕೊಡುತ್ತದೆ. ಬದುಕೋದೇ ಬೇಡ ಅನ್ನೋ ಮಾತು ಬಂದರೆ ಎಲ್ಲ ಬಿಟ್ಟು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಕೊಡುತ್ತದೆ, ನನಗೂ ಸಂದೇಶ ಬರುತ್ತದೆ. ಆ ಹೊತ್ತಲ್ಲಿ ಮನುಷ್ಯರ ದನಿಯೇ ಬೇಕು.

ನಮ್ಮ ಕಡೆ ಒಂದು ಫೋನನ್ನು ಮನೆಯವರೆಲ್ಲ ನೋಡ್ತಾರೆ, ಅಲ್ವಾ? ಹಾಗಾಗಿ ಬಾಟ್ ಹೆಸರಲ್ಲಿ ರೋಗದ ಸುಳಿವೇ ಇಲ್ಲ. ತಾನಾಗಿ ನೆನಪೋಲೆ ಕಳಿಸುವುದಿಲ್ಲ. ಹೆಸರು, ಕಿಟ್‌ನ ಫೋಟೋ ಕೇಳುವುದಿಲ್ಲ. 2017ರ ಎಚ್‌ಐವಿ ಕಾಯ್ದೆ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡಬಾರದು, ಗುಟ್ಟು ಕಾಯಬೇಕು ಅನ್ನುತ್ತದೆ. ಗಂಡ ಹೆಂಡತಿಗೆ, ಮೇಸ್ತ್ರಿ ಕೆಲಸಗಾರನಿಗೆ ಒತ್ತಾಯದಿಂದ ಪರೀಕ್ಷೆ ಮಾಡಿಸುವಂತಿಲ್ಲ ಅಂತಲೂ ಬಾಟ್‌ನಲ್ಲಿ ಸೇರಿಸಿದೆ.

ಈಗ ಲೈಂಗಿಕ ಸಂಪರ್ಕದಿಂದ ಹರಡುವ ಇನ್ನೊಂದು ಸೋಂಕು ಸಿಫಿಲಿಸ್‌ಗೆ ಉತ್ತರ ಬರೆಯುತ್ತಿದ್ದೇನೆ. ಅಲ್ಲಿ ಲೆಕ್ಕವೇ ಬೇರೆ. ವಾಸಿಯಾದವರಿಗೂ ಆ ತ್ವರಿತ ಕಿಟ್‌ನಲ್ಲಿ ಎಷ್ಟೋ ವರ್ಷ ಎರಡು ಗೆರೆ ಬರಬಹುದು. ಹಾಗಾಗಿ 'ಹಿಂದೆ ಇದಕ್ಕೆ ಇಂಜೆಕ್ಷನ್ ತಗೊಂಡಿದ್ರಾ?' ಅನ್ನುವುದೇ ಅಲ್ಲಿ ಮೊದಲ ಪ್ರಶ್ನೆ.