ಕಾರು ಕೆಟ್ಟಿದೆ: ಶೋರೂಮಿಗೋ, ಗ್ಯಾರೇಜಿಗೋ?

ನಮ್ಮ ಬಳ್ಳಾರಿಯಲ್ಲಿ ಯಾರ ಕಾರು ಕೆಟ್ಟರೂ ಎರಡು ಮಾತು ಕೇಳಿಬರುತ್ತವೆ. ‘ಶೋರೂಮಿಗೆ ಹೋದರೆ ಸುಲಿದುಬಿಡ್ತಾರೆ’ ಅಂತ ಒಬ್ಬರು, ‘ಹೊರಗೆ ಕೊಟ್ಟರೆ ಗಾಡಿ ಕೆಟ್ಟಂಗೆ’ ಅಂತ ಇನ್ನೊಬ್ಬರು. ಎರಡನ್ನೂ ನಂಬಿ ದುಡ್ಡು ಕಳೆದುಕೊಂಡವರನ್ನು ನೋಡಿದ್ದೇನೆ. ಗಾಡಿ ಎಲ್ಲಿಗೆ ಹೋಗಬೇಕು ಅನ್ನುವುದನ್ನು ಕೆಲಸ ನೋಡಿ ತೀರ್ಮಾನಿಸಬೇಕು. ಕೀ ಕೊಡುವಾಗ ನಾವು ಏನು ಹೇಳುತ್ತೇವೆ ಅನ್ನುವುದು ಅದಕ್ಕಿಂತ ಮುಖ್ಯ. ಹೆಚ್ಚಿನವರು ಎಡವುವುದು ಅಲ್ಲೇ.

ಮೊದಲು ವಾರಂಟಿ ನೋಡಿ

ವಾರಂಟಿ ಇರುವವರೆಗೆ ಶೋರೂಮಿಗೇ ಹೋಗಿ. ದುಡ್ಡು ಕೊಟ್ಟು ಹಾಕಿಸಿದ ಎಕ್ಸ್‌ಟೆಂಡೆಡ್ ವಾರಂಟಿಗೂ ಇದೇ ಮಾತು. ದಿನಾಂಕ, ಕಿಲೋಮೀಟರ್ ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದೇ ಲೆಕ್ಕ. ದೋಷವಿದೆ ಅಂತ ಕಂಪನಿಯೇ ರೀಕಾಲ್ ಮಾಡಿದ (ವಾಪಸ್ ಕರೆದ) ಭಾಗವಿದ್ದರೆ ಅದನ್ನೂ ಶೋರೂಮಿನಲ್ಲೇ ಪುಕ್ಕಟೆ ಬದಲಿಸುತ್ತಾರೆ. ಚಾಸಿ ನಂಬರ್ ಕೊಟ್ಟು ಕೇಳಿ.

ಯಾವ ಕೆಲಸ ಎಲ್ಲಿಗೆ?

ವಾರಂಟಿ ಮುಗಿದ ಮೇಲೆ ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಸಸ್ಪೆನ್ಷನ್ ಬುಷ್, ಲಿಂಕ್ ರಾಡ್ ಇವೆಲ್ಲ ಒಳ್ಳೆಯ ಗ್ಯಾರೇಜಿನ ಕೆಲಸ. ಏರ್‌ಬ್ಯಾಗ್, ಎಬಿಎಸ್, ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ತೊಂದರೆ ಇದ್ದರೆ ಬಿಲ್ ಜಾಸ್ತಿ ಆದರೂ ಶೋರೂಮೇ ಸರಿ. 2020ರ ಏಪ್ರಿಲ್ ನಂತರ ಬಂದ, ಹೊಗೆಯ ಹೊಸ ನಿಯಮದ ಬಿಎಸ್‌6 ಡೀಸೆಲ್ ಗಾಡಿಗಳ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕೂಡ ಅಲ್ಲಿಗೇ. ಊರೊಳಗೇ ಸುತ್ತಿದರೆ ಅದರಲ್ಲಿ ಮಸಿ ಕಟ್ಟಿಕೊಂಡು ದೀಪ ಹತ್ತುತ್ತದೆ. ‘ಡಿಪಿಎಫ್ ತೆಗೆದುಬಿಡೋಣ, ತಲೆನೋವೇ ಇರಲ್ಲ’ ಅನ್ನುವ ಗ್ಯಾರೇಜಿನಿಂದ ಅಲ್ಲಿಂದಲೇ ವಾಪಸ್ ಬನ್ನಿ. ಅದು ಕಾನೂನಿಗೆ ವಿರುದ್ಧ, ಆ ಹೊಗೆ ಕುಡಿಯುವವರು ನಮ್ಮ ಊರಿನವರೇ.

ಗ್ಯಾರೇಜ್ ಆರಿಸುವಾಗ ಬೋರ್ಡ್ ನೋಡಬೇಡಿ. ಗಾಡಿಯ ಎರರ್ ಕೋಡ್ ಓದುವ ಸ್ಕ್ಯಾನರ್ ಇದೆಯಾ, ಬಿಲ್ ಕೊಡುತ್ತಾರಾ ಕೇಳಿ. ಆಮೇಲೆ ಬಿಚ್ಚಿಟ್ಟ ಇಂಜಿನ್ ಒಂದನ್ನು ನೋಡಿ. ಅದಿರು ಲಾರಿಗಳ ಕೆಂಪು ಧೂಳು ಹಾರಾಡುವ ಊರು ನಮ್ಮದು. ಬಿಚ್ಚಿದ ಇಂಜಿನ್ ಮೇಲೆ ತೊಳೆದ ಬಟ್ಟೆ ಹೊದಿಸಿದ್ದರೆ, ನಟ್ಟು ಬೋಲ್ಟುಗಳನ್ನು ತಟ್ಟೆಯಲ್ಲಿ ಬೇರೆ ಬೇರೆ ಇಟ್ಟಿದ್ದರೆ ಆ ಮೇಸ್ತ್ರಿಯನ್ನು ನಂಬಬಹುದು. ನಾನು ಈಗ ಹೋಗುವ ಗ್ಯಾರೇಜನ್ನು ಹೀಗೇ ಆರಿಸಿಕೊಂಡೆ.

ತೊಂದರೆ ಹೇಳಿ, ಮದ್ದು ಹೇಳಬೇಡಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಕಳೆದ ಬೇಸಿಗೆಯಲ್ಲಿ ತೋರಣಗಲ್ಲಿನ ನಮ್ಮ ಭಾವನ ಕಾರಿನ ಎಸಿ ಕೈಕೊಟ್ಟಿತು. ಕಂಪನಿಯ ವರ್ಕ್‌ಶಾಪಿಗೆ ಹೋಗಿ ‘ಎಸಿ ಕೆಲಸ ಮಾಡ್ತಿಲ್ಲ, ನೋಡಿ’ ಅಂದು ಕೀ ಕೊಟ್ಟು ಬಂದರು. ಸಂಜೆ ಫೋನ್ ಬಂತು: ಕಂಪ್ರೆಸರ್ ಬದಲಿಸಬೇಕು. ಎಸ್ಟಿಮೇಟ್ 25 ಸಾವಿರ ದಾಟಿತ್ತು. ಗಾಡಿ ವಾಪಸ್ ತಂದು ನನ್ನ ಮೇಸ್ತ್ರಿ ಹತ್ತಿರ ಹೋದೆವು. ಅವರು ಬಾನೆಟ್ ಮುಟ್ಟುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ. ‘ಅಣ್ಣಾ, ಓಡುವಾಗ ತಂಪು ಬರ್ತೈತೇನು, ನಿಂತಾಗ ಮಾತ್ರ ಬಿಸಿನೋ?’ ಭಾವ ಯೋಚಿಸಿ ಹೇಳಿದರು: ಹೌದು, ಹೈವೇನಲ್ಲಿ ತಂಪಿರುತ್ತೆ, ಗೇಟಿನಲ್ಲಿ ರೈಲಿಗೆ ಕಾದಾಗ ಬಿಸಿ.

ಓಡುವಾಗ ಎದುರಿನ ಗಾಳಿ ಕಂಡೆನ್ಸರನ್ನು (ಎಸಿಯ ಬಿಸಿ ಹೊರಹಾಕುವ ಜಾಲರಿಯಂಥ ಭಾಗ) ತಂಪು ಮಾಡುತ್ತದೆ, ನಿಂತಾಗ ಫ್ಯಾನ್ ಒಂದೇ ಗತಿ. ಮುಂದಿನ ಬಂಪರ್ ಬಿಚ್ಚಿದರೆ ಕಂಡೆನ್ಸರಿನ ತೆಳು ರೆಕ್ಕೆಗಳ ಸಂದಿಯಲ್ಲಿ ಅದಿರಿನ ಧೂಳು ಇಟ್ಟಿಗೆ ಬಣ್ಣಕ್ಕೆ ಗಟ್ಟಿಯಾಗಿ ಕೂತಿತ್ತು. ಕಡಿಮೆ ಪ್ರೆಷರಿನ ನೀರಿನಲ್ಲಿ ಒಳಗಿನಿಂದ ಹೊರಗೆ ತೊಳೆದರು. ಪ್ರೆಷರ್ ಜಾಸ್ತಿ ಇಟ್ಟರೆ ರೆಕ್ಕೆ ಮಡಚಿಕೊಳ್ಳುತ್ತವೆ. ಕಂಪ್ರೆಸರಿಗೆ ಏನೂ ಆಗಿರಲಿಲ್ಲ.

ಹಾಗಂತ ಗ್ಯಾರೇಜ್‌ನವರೆಲ್ಲ ಬಲ್ಲವರು ಅಂದುಕೊಳ್ಳಬೇಡಿ. ನಮ್ಮ ಪಕ್ಕದ ಮನೆಯವರ ಪೆಟ್ರೋಲ್ ಕಾರು ಜರ್ಕ್ ಹೊಡೆಯುತ್ತಿತ್ತು. ಗೆಳೆಯರು ಯಾರೋ ಹೇಳಿದರು ಅಂತ ‘ಫ್ಯುಯೆಲ್ ಪಂಪ್ ಹೋಗಿದೆ, ಹೊಸದು ಹಾಕಿ’ ಅಂದರು. ಗ್ಯಾರೇಜಿನವರು ಸ್ಕ್ಯಾನ್ ಮಾಡದೆ ಹಾಕಿಯೂ ಕೊಟ್ಟರು. ಜರ್ಕ್ ಹಾಗೇ ಉಳಿಯಿತು. ಆಮೇಲೆ ಶೋರೂಮಿನಲ್ಲಿ ಸ್ಕ್ಯಾನ್ ಮಾಡಿಸಿದರೆ ಕೆಟ್ಟಿದ್ದು ಪ್ಲಗ್ಗಿಗೆ ಕಿಡಿ ಕೊಡುವ ಒಂದು ಇಗ್ನಿಷನ್ ಕಾಯಿಲ್. ಪಂಪಿನ ದುಡ್ಡು ಸುಮ್ನೆ ಹೋಯಿತು.

ಅದಕ್ಕೇ ಹೋಗುವ ಮೊದಲು ಚೀಟಿಯಲ್ಲಿ ಬರೆದುಕೊಳ್ಳಿ. ತೊಂದರೆ ಬೆಳಿಗ್ಗೆ ಮೊದಲ ಸ್ಟಾರ್ಟಿಗೋ, ಇಂಜಿನ್ ಬಿಸಿಯಾದ ಮೇಲೋ? ಎಷ್ಟು ಸ್ಪೀಡಿನಲ್ಲಿ? ಬ್ರೇಕ್ ಒತ್ತಿದಾಗಲೋ, ಸ್ಟೇರಿಂಗ್ ತಿರುಗಿಸಿದಾಗಲೋ, ಹಂಪ್ ದಾಟುವಾಗಲೋ? ಸದ್ದು ಯಾವ ಚಕ್ರದ ಕಡೆಯಿಂದ? ಸದ್ದು ಬಂದಾಗ, ದೀಪ ಹತ್ತಿದಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ, ಅಲ್ಲಿ ಹೋದಾಗ ಅದು ಬರದೇ ಇರಬಹುದು ಅಲ್ವಾ? ದೀಪ ಆರಿಸಲು ಬ್ಯಾಟರಿ ಟರ್ಮಿನಲ್ ಬಿಚ್ಚುವ ಅಡ್ಡದಾರಿ ಮಾತ್ರ ಬೇಡ. ಒಳಗೆ ಉಳಿದಿದ್ದ ಎರರ್ ಕೋಡ್ ಅಳಿಸಿಹೋಗಬಹುದು, ಆಗ ಹುಡುಕುವವರಿಗೆ ಸುಳಿವೇ ಇರುವುದಿಲ್ಲ.

ಶೋರೂಮಿನಲ್ಲಿ ನೀವು ಮಾತಾಡುವುದು ಸರ್ವಿಸ್ ಅಡ್ವೈಸರ್ ಜೊತೆ, ಗಾಡಿ ಬಿಚ್ಚುವವರು ಬೇರೆ. ಬಿಚ್ಚುವವರಿಗೆ ಸಿಗುವುದು ಜಾಬ್ ಕಾರ್ಡಿನಲ್ಲಿ (ಕೆಲಸದ ಚೀಟಿ) ಬರೆದ ಸಾಲು ಮಾತ್ರ. ‘ಎಸಿ ಚೆಕ್’ ಅಂತ ಬರೆದರೆ ಒಪ್ಪಬೇಡಿ. ‘ನಿಂತಾಗ ಮಾತ್ರ ಬಿಸಿ ಗಾಳಿ’ ಅಂತಲೇ ಬರೆಸಿ, ಓದಿ ನೋಡಿ ಆಮೇಲೆ ಸಹಿ ಹಾಕಿ. ‘ಎಲ್ಲಾ ನೋಡಿಬಿಡಿ’ ಅನ್ನುವ ಮಾತು ಬಾಯಿಂದ ಬರಲೇಬಾರದು. ಅದರಿಂದಲೇ ಬಿಲ್ ಬೆಳೆಯುತ್ತದೆ.

ಎಸ್ಟಿಮೇಟ್ ಓದುವುದು

ಪಾರ್ಟ್ಸ್ ಒಂದು ಕಡೆ, ಲೇಬರ್ ಒಂದು ಕಡೆ ಬೇರೆ ಬೇರೆ ಕೇಳಿ. ಪಾರ್ಟ್ಸ್ ಮೇಲಿನ ಜಿಎಸ್‌ಟಿ 28 ಪರ್ಸೆಂಟ್ ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಿದೆ, ಲೇಬರ್ ಮೇಲೂ 18. ಇಂಜಿನ್ ಡ್ರೆಸ್ಸಿಂಗ್ (ಮೇಲಿನ ಹೊಳಪು), ಇಂಜಿನ್ ಫ್ಲಶ್ (ಒಳಗಿನ ತೊಳೆತ), ಇಂಟೀರಿಯರ್ ಪಾಲಿಶ್ ಸಾಲುಗಳನ್ನು ಹೊಡೆದುಹಾಕಿಸಿ. ನಾನು ಇವಕ್ಕೆ ಒಂದು ರೂಪಾಯಿಯೂ ಕೊಡುವುದಿಲ್ಲ. ಏರ್ ಫಿಲ್ಟರ್, ಎಸಿಯ ಕ್ಯಾಬಿನ್ ಫಿಲ್ಟರ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಓನರ್ ಮ್ಯಾನುಯಲ್‌ನಲ್ಲಿ ಧೂಳಿನ ರಸ್ತೆಗೆ ಬೇರೆ ಲೆಕ್ಕ ಕೊಟ್ಟಿರುತ್ತಾರೆ, ಸಂಡೂರು ಕಡೆ ಓಡಾಡುವವರು ಅದನ್ನೇ ಹಿಡಿಯಬೇಕು. ಕೂಲಂಟ್ ಕಡಿಮೆಯಾದರೆ ಬೋರ್ ನೀರು ಸುರಿಯಲು ಬಿಡಬೇಡಿ. ರೇಡಿಯೇಟರ್ ಒಳಗೆ ಉಪ್ಪು ಕಟ್ಟುತ್ತದೆ.

ಗ್ಯಾರೇಜಿನಲ್ಲಿ ಪಾರ್ಟ್ಸ್ ಪ್ಯಾಕೆಟ್ ನಿಮ್ಮೆದುರೇ ಒಡೆಯಲಿ. ಕಂಪನಿ ಹೆಸರಿನ ಸೀಲ್ ಇರುವ ಡುಪ್ಲಿಕೇಟ್ ಮಾಲೂ ಬರುತ್ತದೆ, ಆದ್ದರಿಂದ ಪಾರ್ಟ್ ನಂಬರ್ ಬಿಲ್‌ನಲ್ಲಿ ಇರಲಿ. ಬ್ರೇಕ್ ಪ್ಯಾಡಿನಲ್ಲಂತೂ ಅಗ್ಗದ್ದು ಬೇಡವೇ ಬೇಡ.

ಡಿಕ್ಕಿಯಾಗಿದ್ದರೆ

ಗಾಡಿ ಬಿಚ್ಚುವ ಮೊದಲು ಇನ್ಶೂರೆನ್ಸಿಗೆ ತಿಳಿಸಿ. ಕ್ಯಾಶ್‌ಲೆಸ್ ಬೇಕೆಂದರೆ ಅವರ ಪಟ್ಟಿಯಲ್ಲಿರುವ ವರ್ಕ್‌ಶಾಪೇ ಆಗಬೇಕು, ಪಟ್ಟಿಯಲ್ಲಿ ಒಳ್ಳೆಯ ಗ್ಯಾರೇಜುಗಳೂ ಇರುತ್ತವೆ. ಪಾಲಿಸಿಯಲ್ಲಿ ಝೀರೋ ಡೆಪ್ರಿಸಿಯೇಷನ್ (ಪಾರ್ಟ್ಸ್ ಹಳತಾದ ಲೆಕ್ಕದಲ್ಲಿ ದುಡ್ಡು ಕಡಿತ ಮಾಡದ ಸೌಲಭ್ಯ) ಇಲ್ಲದಿದ್ದರೆ ಬಂಪರಿನಂಥ ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ಬೆಲೆ ನಿಮ್ಮದೇ. ಸಣ್ಣ ಡೆಂಟಿಗೆ ಕ್ಲೇಮ್ ಮಾಡಬೇಡಿ. ಕ್ಲೇಮ್ ಇಲ್ಲದ ವರ್ಷಗಳಿಗೆ ಸಿಗುವ ರಿಯಾಯಿತಿ 20 ಪರ್ಸೆಂಟಿನಿಂದ 50ರವರೆಗೆ ಏರುತ್ತದೆ, ಒಂದು ಕ್ಲೇಮಿಗೆ ಅದು ಹೋಗುತ್ತದೆ.

ಗಾಡಿ ವಾಪಸ್ ಪಡೆಯುವಾಗ

ತೆಗೆದ ಹಳೆ ಪಾರ್ಟ್ಸ್ ಕೇಳಿ ಪಡೆಯಿರಿ. ಇದನ್ನು ಕೀ ಕೊಡುವಾಗಲೇ ಹೇಳಿರಬೇಕು. ಜಗಳ ಬಗೆಹರಿಯದಿದ್ದರೆ ಗ್ರಾಹಕರ ಸಹಾಯವಾಣಿ 1915 ಇದೆ, ಆದರೆ ಬಿಲ್ ಇಲ್ಲದೆ ದೂರು ನಿಲ್ಲುವುದು ಕಷ್ಟ. ತೊಂದರೆ ಯಾವ ಥರ ಬರುತ್ತಿತ್ತೋ ಅದೇ ಥರ ಓಡಿಸಿ ನೋಡಿ, ಕೆಲಸ ಮಾಡಿದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹಂಪಿನಲ್ಲಿ ಸದ್ದಿದ್ದರೆ ಹಂಪು ದಾಟಿಸಿ. ಭಾವನ ಕಾರನ್ನು ನಾವು ಮಧ್ಯಾಹ್ನದ ಬಿಸಿಲಲ್ಲಿ, ಎಸಿ ಹಾಕಿ, ಗ್ಯಾರೇಜಿನ ಎದುರೇ ಹತ್ತು ನಿಮಿಷ ನಿಲ್ಲಿಸಿಕೊಂಡು ಕೂತೆವು. ತಂಪು ಹಾಗೇ ಇತ್ತು. ಆಮೇಲೆ ದುಡ್ಡು ಕೊಟ್ಟೆವು.