ಕೆ.ಆರ್. ಮಾರ್ಕೆಟ್‌ಗೆ ಹೊರಟಿರಾ? ಮೊದಲು ವಾಪಸ್ ಬರುವ ಚೀಲ ನೋಡಿಕೊಳ್ಳಿ

ಕೆ.ಆರ್. ಮಾರ್ಕೆಟ್‌ಗೆ ಹೋಗುವ ದಾರಿ ಬೆಂಗಳೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅಲ್ಲಿಂದ ಹೂವು, ಹಣ್ಣು, ತೆಂಗಿನಕಾಯಿ ಹೊತ್ತುಕೊಂಡು ವಾಪಸ್ ಬರುವುದು ಹೇಗೆ ಅಂತ ಯಾರೂ ಹೇಳುವುದಿಲ್ಲ. ನಾನೂ ಪೆಟ್ಟು ತಿಂದೇ ಕಲಿತೆ. ಅಕ್ಕನ ಮಗುವಿನ ನಾಮಕರಣಕ್ಕೆ ಅಂತ ನಾಲ್ಕು ಕೆ.ಜಿ. ಬಿಡಿ ಸೇವಂತಿಗೆ ಕೊಂಡು, ತೆಳು ಕವರಿನಲ್ಲಿ ಹಿಡಿದು, ಬೆಳಗ್ಗೆ ಒಂಬತ್ತಕ್ಕೆ ದಾರಿಮಧ್ಯದ ಸ್ಟಾಪಿನಲ್ಲಿ ಬಸ್ ಹತ್ತಿದೆ. ಒಂಟಿ ಕಾಲಲ್ಲಿ ನಿಂತು ಮನೆ ಸೇರಿದೆ. ಅಕ್ಕ ಕವರ್ ಬಿಚ್ಚಿ ನೋಡಿ, "ಇದೇನೋ, ಹೂವೋ ಪಲ್ಯವೋ?" ಅಂದಳು.

ಹಾಗಾಗಿ ಮೊದಲ ಹೆಜ್ಜೆ ಮನೆಯಲ್ಲೇ. ಏನು ತರುತ್ತೀರಿ ಅಂತ ಯೋಚಿಸಿ. ನಾಲ್ಕು ಮಾರು ಹೂವು, ಒಂದಿಷ್ಟು ಎಲೆ ಅಡಿಕೆ ಆದರೆ ಮೆಟ್ರೋ ಸಾಕು. ಹತ್ತು ಕೆ.ಜಿ. ತರಕಾರಿ ಆದರೆ ಬಸ್ಸೇ ವಾಸಿ. ಬಾಳೆಕಂದು, ಕಬ್ಬಿನ ಜಲ್ಲೆ ಅಂದರೆ ಎರಡೂ ಆಗುವುದಿಲ್ಲ. ಹೋಗುವಾಗ ಮೆಟ್ರೋ, ಬರುವಾಗ ಆಟೋ ಅಂತ ಮೊದಲೇ ದುಡ್ಡು ತೆಗೆದಿಡಿ. ಕಾರಿನ ಮಾತು ಬೇಡ. ಆ ರಸ್ತೆಗಳಲ್ಲಿ ತಳ್ಳುಗಾಡಿಯೇ ನಿಮ್ಮ ಕಾರಿಗಿಂತ ಬೇಗ ಹೋಗುತ್ತದೆ.

ಎರಡನೆಯದು ಹೊತ್ತು. ಹೂವಿನ ಸಗಟು ವ್ಯಾಪಾರ ಇನ್ನೂ ಕತ್ತಲಿರುವಾಗಲೇ ಶುರು. ಮೆಟ್ರೋ ಅಷ್ಟು ಬೇಗ ಏಳುವುದಿಲ್ಲ. ಸಾಮಾನ್ಯ ದಿನಗಳಲ್ಲಿ ಹಸಿರು, ನೇರಳೆ ಮಾರ್ಗಗಳ ಕೊನೆಯ ನಿಲ್ದಾಣಗಳಿಂದ ಮೊದಲ ರೈಲು ಬೆಳಗ್ಗೆ 5ಕ್ಕೆ. ಊರಿಂದ ಬರುವವರಿಗಾಗಿ ಸೋಮವಾರ ಮಾತ್ರ 4.15ಕ್ಕೆ. ಭಾನುವಾರ 7ಕ್ಕೆ. ಸಾಮಾನ್ಯ ದಿನ ದೂರದ ಬಡಾವಣೆಯವರು ಎಷ್ಟೇ ಬೇಗ ಹೊರಟರೂ ಮಾರ್ಕೆಟ್ ತಲುಪುವಾಗ ಸುಮಾರು ಆರು ಗಂಟೆ. ಮನೆ ಪೂಜೆಗೆ ಹೂವು ಬೇಕಾದವರಿಗೆ ಇದೇನೂ ತಡವಲ್ಲ, ಸಗಟಿನ ನೂಕುನುಗ್ಗಲು ಅಷ್ಟರಲ್ಲಿ ಸ್ವಲ್ಪ ಇಳಿದಿರುತ್ತದೆ. ಆದರೆ ಭಾನುವಾರವೇ ಮನೆಯಲ್ಲಿ ಪೂಜೆ ಇದ್ದರೆ ಮೆಟ್ರೋ ನಂಬಬೇಡಿ. ಶನಿವಾರ ಸಂಜೆಯೇ ಹೋಗಿ ಬನ್ನಿ.

ಮೆಟ್ರೋದಲ್ಲಿ

ಮಾರ್ಕೆಟ್ ಇರುವುದು ಹಸಿರು ಮಾರ್ಗದಲ್ಲಿ. 2017ರ ಜೂನ್‌ನಲ್ಲಿ ಶುರುವಾದ ನೆಲದಡಿಯ ನಿಲ್ದಾಣ. ಬೋರ್ಡಿನಲ್ಲಿ 'ಕೃಷ್ಣರಾಜೇಂದ್ರ ಮಾರುಕಟ್ಟೆ' ಅಂತ ಪೂರ್ತಿ ಹೆಸರು ಹುಡುಕಿ. ಹಳಬರ ಬಾಯಲ್ಲಿ ಇದು ಇನ್ನೂ ಸಿಟಿ ಮಾರ್ಕೆಟ್ಟೇ.

ವೈಟ್‌ಫೀಲ್ಡ್ ಅಥವಾ ಚಲ್ಲಘಟ್ಟ ಕಡೆಯಿಂದ ನೇರಳೆ ಮಾರ್ಗದಲ್ಲಿ ಬರುವವರು ಮೆಜೆಸ್ಟಿಕ್‌ನಲ್ಲಿ ಇಳಿದು, ಹಸಿರು ಗುರುತು ಹಿಡಿದು ಹೋಗಿ, ಸಿಲ್ಕ್ ಇನ್‌ಸ್ಟಿಟ್ಯೂಟ್ ಕಡೆಯ ರೈಲು ಹತ್ತಬೇಕು. ಮೊದಲು ಚಿಕ್ಕಪೇಟೆ, ಎರಡನೆಯದು ಮಾರ್ಕೆಟ್. ಊರಿಂದ ರೈಲಿನಲ್ಲೋ ಬಸ್ಸಿನಲ್ಲೋ ಬಂದು ಇಳಿದವರಿಗೂ ಮೆಜೆಸ್ಟಿಕ್‌ನಿಂದ ಇದೇ ದಾರಿ. ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿಯವರಿಗೆ 2025ರ ಆಗಸ್ಟ್‌ನಿಂದ ಹಳದಿ ಮಾರ್ಗ ಇದೆ. ಆರ್.ವಿ. ರಸ್ತೆಯಲ್ಲಿ ಬದಲಿಸಿ ಮಾದಾವರ ಕಡೆಯ ರೈಲು ಹಿಡಿದರೆ ಜಯನಗರ, ಸೌತ್ ಎಂಡ್, ಲಾಲ್‌ಬಾಗ್, ನ್ಯಾಷನಲ್ ಕಾಲೇಜು ಆದ ಮೇಲೆ ಐದನೆಯದು ಮಾರ್ಕೆಟ್. ಟಿಕೆಟ್‌ಗೆ ಸಾಲು ನಿಲ್ಲಬೇಡಿ. ವಾಟ್ಸ್‌ಆ್ಯಪ್‌ನಲ್ಲೇ ಕ್ಯೂಆರ್ ಟಿಕೆಟ್ ಸಿಗುತ್ತದೆ. ಹೋಗುವಾಗಲೇ ಫೋನ್ ಚಾರ್ಜ್ ನೋಡಿಕೊಳ್ಳಿ, ಇಳಿದ ಮೇಲೆ ಗೇಟಿನಲ್ಲಿ ಮತ್ತೆ ತೋರಿಸಬೇಕಲ್ವಾ.

ನಿಲ್ದಾಣದಿಂದ ಮೇಲೆ ಬಂದಾಗ ಬಹಳ ಜನ ತಪ್ಪುತ್ತಾರೆ. ಮಾರ್ಕೆಟ್ ಅಂತ ಹೆಸರಿದ್ದರೂ ಮೆಟ್ಟಿಲು ಹತ್ತಿದ ಕೂಡಲೇ ಮಾರ್ಕೆಟ್ ಕಾಣುವುದಿಲ್ಲ. ಐದಾರು ನಿಮಿಷ ನಡೆಯಬೇಕು, ಜನ ಜಾಸ್ತಿ ಇದ್ದರೆ ಹತ್ತು. ನಡೆಯುವಾಗ ಟಿಪ್ಪು ಬೇಸಿಗೆ ಅರಮನೆ, ಕೋಟೆ ವೆಂಕಟರಮಣ ದೇವಸ್ಥಾನ ಸಿಕ್ಕಿತಾ? ನೀವು ಉಲ್ಟಾ ಹೋಗುತ್ತಿದ್ದೀರಿ. ಕೈ ಮುಗಿದು ತಿರುಗಿ. ಹಳೆ ಕೋಟೆಯ ದಪ್ಪ ಕಲ್ಲುಗೋಡೆ ಸಿಕ್ಕರೆ ದಾರಿ ಸರಿ. ಮುಂದೆ ಮೇಲ್ಸೇತುವೆ ಕಾಣುತ್ತದೆ. ಅಷ್ಟರಲ್ಲಿ ಕಣ್ಣಿಗಿಂತ ಮೊದಲು ಮೂಗಿಗೇ ಗೊತ್ತಾಗುತ್ತದೆ, ಒಂದು ಕಡೆಯಿಂದ ಮಲ್ಲಿಗೆ, ಇನ್ನೊಂದು ಕಡೆಯಿಂದ ಕೊಳೆತ ಕೋಸು.

ಸೀರೆಯ ಕೆಲಸವೂ ಇದ್ದರೆ ಚಿಕ್ಕಪೇಟೆಯಲ್ಲೇ ಇಳಿದು, ಅಂಗಡಿ ಮುಗಿಸಿ, ಅವೆನ್ಯೂ ರಸ್ತೆಯಲ್ಲಿ ನಡೆದು ಮಾರ್ಕೆಟ್ ಸೇರಬಹುದು. ಆದರೆ ಕ್ರಮ ತಪ್ಪಿಸಬೇಡಿ. ಸೀರೆ ಮೊದಲು, ಹೂವು ಕೊನೆಗೆ. ಹೂವಿನ ಚೀಲ ತೊಡೆ ಮೇಲೆ ಇಟ್ಟುಕೊಂಡು ಸೀರೆ ಆರಿಸಲು ಕೂತರೆ ಎರಡೂ ಕೆಡುತ್ತವೆ.

ಬಸ್ಸಿನಲ್ಲಿ

ನಗರದ ನಾನಾ ಕಡೆಯಿಂದ ಮಾರ್ಕೆಟ್‌ಗೆ ಬಿಎಂಟಿಸಿ ಬಸ್ ಇದೆ. ನಂಬರ್ ಬಾಯಿಪಾಠ ಮಾಡಬೇಕಿಲ್ಲ. ಬೋರ್ಡಿನಲ್ಲಿ 'ಕೆ.ಆರ್. ಮಾರುಕಟ್ಟೆ' ಇದೆಯಾ ನೋಡಿ, ಇಲ್ಲದಿದ್ದರೆ "ಮಾರ್ಕೆಟ್ ಹೋಗುತ್ತಾ?" ಅಂತ ಕಂಡಕ್ಟರ್‌ನ ಕೇಳಿ. ಮೆಜೆಸ್ಟಿಕ್ ಬೋರ್ಡಿನ ಕೆಲವು ಬಸ್ಸುಗಳೂ ಮಾರ್ಕೆಟ್ ಮೇಲೆಯೇ ಹೋಗುತ್ತವೆ. ಕಲಾಸಿಪಾಳ್ಯದ ಬಸ್ ಸಿಕ್ಕರೂ ಹತ್ತಿ, ಅಲ್ಲಿಂದ ನಡೆದೇ ಬರಬಹುದು.

ಕರ್ನಾಟಕದ ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತ. ರಾಜ್ಯದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯಬೇಕು. ಎ.ಸಿ. ವಜ್ರಕ್ಕೆ ಇದು ನಡೆಯುವುದಿಲ್ಲ. ನಮ್ಮ ಬೀದಿಯಲ್ಲಿ ಹೂ ಮಾರುವ ಅಮ್ಮನವರು ಹೀಗೇ ಹೋಗಿ ಬರುತ್ತಾರೆ. ಉಳಿದ ದುಡ್ಡಿಗೆ ಇನ್ನೊಂದಿಷ್ಟು ಕನಕಾಂಬರ ಬರುತ್ತದೆ ಅನ್ನುವುದು ಅವರ ಲೆಕ್ಕ.

ಒಳಗೆ ಹೋದ ಮೇಲೆ

ಈ ಜಾಗದಲ್ಲಿ ಹಿಂದೆ ಸಿದ್ದಿಕಟ್ಟೆ ಅನ್ನುವ ಕೆರೆ ಇತ್ತು. 1928ರಲ್ಲಿ ಮಾರುಕಟ್ಟೆ ಆಯಿತು, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಬಂತು. ದೊಡ್ಡ ಕಟ್ಟಡದ ಕೆಳಗೆ ಹೂವು, ಮೇಲಿನ ಅಂತಸ್ತುಗಳಲ್ಲಿ ಪೂಜೆ ಸಾಮಾನು, ಪಾತ್ರೆ, ಕಬ್ಬಿಣದ ಸಾಮಾನು. ಹೂವು ಕೊಳ್ಳುವ ಮೊದಲು ಒಮ್ಮೆ ಮೇಲೆ ಹತ್ತಿ ಕೆಳಗೆ ನೋಡಿ. ಸುಮ್ನೆ ಚೆಂದಕ್ಕಲ್ಲ. ಯಾವ ಮೂಲೆಯಲ್ಲಿ ಯಾವ ಹೂವು ಅಂತ ಅಲ್ಲಿಂದ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ಮೇಲೆ ಒಳ್ಳೆಯ ಈಳಿಗೆಮಣೆ, ಕತ್ತಿ ಕಂಡು ಕೊಂಡುಬಿಟ್ಟರೆ ಮೆಟ್ರೋ ಆಸೆ ಬಿಡಿ. ಹರಿತವಾದ ವಸ್ತು ಒಳಗೆ ಬಿಡುವುದಿಲ್ಲ, ಎಕ್ಸ್‌ರೇ ಯಂತ್ರದಲ್ಲೇ ಸಿಕ್ಕಿಬೀಳುತ್ತದೆ. ದೊಡ್ಡ ಮೂಟೆಗೂ ಅಲ್ಲಿ ತಕರಾರು ಇದ್ದದ್ದೇ.

ವಾಪಸ್

ಕಟ್ಟಿದ ಹೂವನ್ನು ಬಾಳೆ ಎಲೆಯಲ್ಲಿ ಸುತ್ತಿಸಿಕೊಳ್ಳಿ. ಬಿಡಿ ಹೂವಿಗೆ ಅಗಲ ಬಾಯಿಯ ಬಟ್ಟೆ ಚೀಲವೇ ಸರಿ. ತೆಂಗಿನಕಾಯಿ ಬೇರೆ ಚೀಲದಲ್ಲಿರಲಿ. ಎಂಟೂವರೆಯಿಂದ ಹತ್ತೂವರೆ ತನಕ ಆಫೀಸು ಜನ. ಎಂಟರ ಒಳಗೆ ಹೊರಟುಬಿಡಿ, ಇಲ್ಲವೇ ತಿಂಡಿ ತಿಂದು ನಿಧಾನಕ್ಕೆ ಹೊರಡಿ. ವರಮಹಾಲಕ್ಷ್ಮಿ ಹಬ್ಬ, ಆಯುಧಪೂಜೆಯ ಹಿಂದಿನ ದಿನ ಮಾತ್ರ ಈ ಲೆಕ್ಕ ಯಾವುದೂ ನಡೆಯುವುದಿಲ್ಲ. ಅವತ್ತು ಬೆಲೆಯೂ ಕೈಗೆ ಸಿಗುವುದಿಲ್ಲ, ಬಸ್ಸಿನ ಕಂಬಿಯೂ ಸಿಗುವುದಿಲ್ಲ.

ಬಸ್ಸಾದರೆ ನಾನು ಮಾಡಿದಂತೆ ನಡುವಿನ ಸ್ಟಾಪಿನಲ್ಲಿ ಹತ್ತಬೇಡಿ. ಎರಡು ನಿಮಿಷ ಜಾಸ್ತಿ ನಡೆದು ಮಾರ್ಕೆಟ್ ಬಸ್ ನಿಲ್ದಾಣಕ್ಕೇ ಹೋಗಿ, ಅಲ್ಲಿಂದಲೇ ಹೊರಡುವ ಬಸ್ ಹತ್ತಿ. ಖಾಲಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೂವಿನ ಚೀಲ ತೊಡೆ ಮೇಲೆ ಇಟ್ಟುಕೊಳ್ಳಿ. ಪಕ್ಕದಲ್ಲಿ ಕೂತವರು "ಮಾರು ಎಷ್ಟಕ್ಕೆ ಕೊಟ್ರು?" ಅಂತ ಕೇಳೇ ಕೇಳುತ್ತಾರೆ. ನಿಜವಾದ ರೇಟ್‌ಗಿಂತ ಹತ್ತು ರೂಪಾಯಿ ಕಮ್ಮಿ ಹೇಳಿ. ಇಲ್ಲದಿದ್ದರೆ ಮನೆ ಬರುವ ತನಕ "ಟೋಪಿ ಹಾಕಿದ್ದಾರೆ ಬಿಡಿ" ಅನ್ನುವುದನ್ನು ಕೇಳುತ್ತಾ ಕೂರಬೇಕು.